ಹದಿನಾಲ್ಕು ತೂತಿನ ತಟ್ಟೆ

ಕಾರು ಬಿಚ್ಚುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂಬುದು ಆ ಬುಧವಾರ ಬೆಳಗ್ಗೆ ಒಂಬತ್ತು ಗಂಟೆಯವರೆಗೂ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ನಾನು ಮಧುಗಿರಿ ಕೋರ್ಟಿನಲ್ಲಿ ವಕೀಲ. ಮೂರು ತಲೆಮಾರಿನ ಜಮೀನು ವ್ಯಾಜ್ಯವನ್ನು ಬಿಚ್ಚಿ, ಎಳೆ ಎಳೆಯಾಗಿ ಹರಡಿ, ಮತ್ತೆ ಗಂಟು ಕಟ್ಟಿ ಜಡ್ಜ್ ಸಾಹೇಬರ ಮುಂದಿಡುವವನು. ಕಟ್ಟಿದ ಮೇಲೆ ಕಕ್ಷಿದಾರನಿಗೆ ತನ್ನ ಜಮೀನು ಯಾವುದೆಂದೇ ಗುರುತು ಸಿಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಅಂಥವನಿಗೆ ನಾಲ್ಕು ಚಕ್ರದ ಒಂದು ಕಾರು ಯಾವ ಲೆಕ್ಕ!

ಕಾರು ಎರಡನೆಯ ಮಹಾಯುದ್ಧಕ್ಕೆ ಮುಂಚಿನದು. ನನ್ನ ಸೀನಿಯರ್ ವಕೀಲರು ಕಣ್ಣು ಮಂಜಾದ ಮೇಲೆ "ಇನ್ನು ನೀನೇ ಓಡಿಸಪ್ಪ, ನನಗೆ ರಸ್ತೆ ಯಾವುದು ಚರಂಡಿ ಯಾವುದು ತಿಳಿಯುತ್ತಿಲ್ಲ" ಎಂದು ನನಗೆ ದಯಪಾಲಿಸಿದ್ದರು. ಜೊತೆಗೆ ಒಂದು ಜಾಕಿ, ಒಂದು ಗೋಣಿಚೀಲದ ತುಂಬ ಸ್ಪ್ಯಾನರು, ಒಂದು ಇಂಗ್ಲಿಷ್ ಪುಸ್ತಕ ಬಂದಿದ್ದವು. ಕಾರಿಗೆ ಒಂದೇ ಒಂದು ರೋಗ. ಗೇರ್ ಪೆಟ್ಟಿಗೆಯಿಂದ ಎಣ್ಣೆ ಸೋರುತ್ತಿತ್ತು. ಬೆಳಗಾದರೆ ಮನೆ ಮುಂದೆ, ನನ್ನ ಹೆಂಡತಿ ಸುಶೀಲ ರಂಗೋಲಿ ಹಾಕುವ ಜಾಗದ ಪಕ್ಕದಲ್ಲೇ, ಮುದ್ದೆ ತಟ್ಟೆಯಷ್ಟಗಲ ಕರಿ ಮಚ್ಚೆ. ಪಕ್ಕದ ಮನೆ ಜಗಲಿಯಲ್ಲಿ ಕೂತ ರಿಟೈರ್ಡ್ ಶೇಕ್‌ದಾರ್ ಹನುಮಂತಯ್ಯನವರು ದಿನವೂ ಬಗ್ಗಿ ನೋಡಿ, "ಲಾಯರೇ, ನಿಮ್ಮ ಕಾರು ರಾತ್ರಿಯೆಲ್ಲ ಅತ್ತಿದೆ" ಎನ್ನುತ್ತಿದ್ದರು.

ಅದು ಅತ್ತರೆ ಅಳಲಿ ಎಂದು ನಾನೂ ಸುಮ್ಮನಿದ್ದೆ. ಆದರೆ ಈ ಸಲ ವಿಷಯ ಬೇರೆಯಾಗಿತ್ತು. ನನ್ನ ತಂಗಿ ಜಯಳನ್ನು ಪಾವಗಡದ ಕಡೆಯ ವಳ್ಳೂರಿಗೆ ಕೊಟ್ಟಿದ್ದೆವು. ಅವಳಿಗೆ ಚೊಚ್ಚಲು. ಏಳು ತಿಂಗಳು ಇನ್ನೇನು ಮುಗಿಯುತ್ತಿತ್ತು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸಬಾರದು, ಶುಕ್ರವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸಬಾರದು, ಶನಿವಾರಕ್ಕೆ ಎಂಟು ಬೀಳುತ್ತದೆ. ಹೀಗೆ ಲೆಕ್ಕ ಹಾಕಿದರೆ ಉಳಿದದ್ದು ಗುರುವಾರ ಒಂದೇ. ಆ ಮನೆಯಲ್ಲಿ ಅವಳಿಗೆ ಅತ್ತೆಯೂ ಇಲ್ಲ, ನಾದಿನಿಯೂ ಇಲ್ಲ. ಹೆರಿಗೆ ನೋವು ಬಂದರೆ ಕೈ ಹಿಡಿದುಕೊಳ್ಳಲು ಒಂದು ಹೆಣ್ಣು ಜೀವ ಇಲ್ಲ. "ಅಣ್ಣಾ, ಅಮ್ಮನ ಕೈ ಸಾರು ಉಣ್ಣಬೇಕು ಅನ್ನಿಸ್ತಾ ಇದೆ" ಎಂದು ಅವಳು ಬರೆದ ಕಾಗದವನ್ನು ಅಮ್ಮ ನನ್ನಿಂದ ನಾಲ್ಕು ಸಲ ಓದಿಸಿ, ಐದನೆಯ ಸಲ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಬಸ್ಸಿನಲ್ಲಿ ಕರೆತರುವಂತಿರಲಿಲ್ಲ, ಆ ರಸ್ತೆ ಹಾಗಿತ್ತು. ಕಾರಿನಲ್ಲಿ ಕರೆತರೋಣವೆಂದರೆ ಜಯಳ ಮಾವ ನಾರಾಯಣಪ್ಪನವರ ಅಡ್ಡಿ. ಹೋದ ಸುಗ್ಗಿಯಲ್ಲಿ ನಾನು ಕಾರನ್ನು ಅವರ ಕಣದಲ್ಲಿ, ಒಣಗಲು ಹರಡಿದ್ದ ಕಡಲೆಕಾಯಿಯ ಮೇಲೆಯೇ ಅಭಿಮಾನದಿಂದ ನಿಲ್ಲಿಸಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಒಂದು ರಾಶಿ ಕಪ್ಪಾಗಿತ್ತು. "ಏಮಯ್ಯಾ ಲಾಯರು, ಕಡ್ಲೆಕಾಯಿಂದ ಎಣ್ಣೆ ತೆಗೆಯೋದು ನೋಡಿದೀನಿ, ಕಡ್ಲೆಕಾಯಿಗೆ ಎಣ್ಣೆ ಬಿಡೋದು ಇದೇ ಮೊದ್ಲು!" ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹಂಗಿಸಿದ್ದರು. ಈಗ ಹೇಳಿಕಳಿಸಿದ್ದರು: ಸೋರದ ಕಾರು ತಂದರೆ ಸೊಸೆಯನ್ನು ಕಳಿಸುತ್ತೇನೆ, ಇಲ್ಲವಾದರೆ ಇಲ್ಲ. ಮಧ್ಯ ದಾರಿಯಲ್ಲಿ ಕಾರು ನಿಂತರೆ ಬಸುರಿ ಹುಡುಗಿ ಬಿಸಿಲಲ್ಲಿ ನಿಲ್ಲಬೇಕಾ? ಅವರ ವಾದದಲ್ಲಿ ಹುರುಳಿತ್ತು. ಎದುರು ಪಾರ್ಟಿಯ ವಾದದಲ್ಲಿ ಹುರುಳಿದ್ದರೆ ನನಗೆ ತುಂಬ ಕೋಪ ಬರುತ್ತದೆ.

ಊರಿಗಿದ್ದ ಮೆಕ್ಯಾನಿಕ್ ಚೆಲುವಯ್ಯ ಯಾವುದೋ ಲಾರಿಯ ರಿಪೇರಿಗೆ ಶಿರಾಕ್ಕೆ ಹೋದವನು ಶನಿವಾರದವರೆಗೆ ಬರುವಂತಿರಲಿಲ್ಲ. ಹೀಗಾಗಿ ಮಂಗಳವಾರ ಸಂಜೆ ನಾನು ಆ ಇಂಗ್ಲಿಷ್ ಪುಸ್ತಕವನ್ನು ತೆಗೆದೆ. ಗೇರ್ ಪೆಟ್ಟಿಗೆಯ ಅಡಿಗೆ ಎಣ್ಣೆ ಹಿಡಿದಿಡುವ ಒಂದು ತಗಡಿನ ತಟ್ಟೆ ಇರುತ್ತದಂತೆ. ಮೆಕ್ಯಾನಿಕ್ಕುಗಳು ಅದನ್ನು ಚೇಂಬರ್ ಎನ್ನುತ್ತಾರೆ. ಅದನ್ನು ಬಿಚ್ಚಬೇಕು, ಅಂಚಿನ ಪ್ಯಾಕಿಂಗ್ ರಟ್ಟನ್ನು ಬದಲಾಯಿಸಬೇಕು, ಮತ್ತೆ ಕಟ್ಟಬೇಕು. ಮುಗಿಯಿತು. ಪುಸ್ತಕದಲ್ಲಿ ಆ ಕೆಲಸಕ್ಕೆ ನಾಲ್ಕು ಪುಟವಿತ್ತು. ನಾನು ಕೊನೆಯ ಪುಟ ಓದಿದೆ. ಯಾವ ತೀರ್ಪು ಕೈಗೆ ಬಂದರೂ ವಕೀಲನಾದವನು ಮೊದಲು ಓದುವುದು ಕೊನೆಯ ಪುಟವನ್ನೇ. ಉಳಿದದ್ದು ಅಪೀಲು ಹೋಗುವವರಿಗೆ!

ಬುಧವಾರ ಬೆಳಗ್ಗೆ ಜಾಕಿ ಹಾಕಿ ಕಾರನ್ನು ಎತ್ತಿದೆ. ಹಳೆಯ ಜುಬ್ಬ ತೊಟ್ಟು, ಗೋಣಿತಾಟು ಹಾಸಿ, ಇನ್ನೇನು ಒಳಗೆ ನುಸುಳಬೇಕು, ಸುಶೀಲ ಬಂದು ಅಡ್ಡ ನಿಂತಳು.

"ರೀ, ಬರೀ ಜಾಕಿ ನಂಬ್ಕೊಂಡು ಕೆಳಗೆ ಹೋಗ್ತೀರಾ?"

"ಜಾಕಿ ಇರುವುದೇ ಅದಕ್ಕೆ ಕಣೇ."

"ನನ್ನ ಕುಂಕುಮಾನ ಆ ಜಾಕಿ ಮೇಲೆ ನಿಲ್ಲಿಸ್ಬೇಡಿ. ಏಳಿ ಮೇಲೆ."

ಅವಳೇ ನಿಂತು ವ್ಯವಸ್ಥೆ ಮಾಡಿಸಿದಳು. ಹಿಂದಿನ ಎರಡು ಚಕ್ರಕ್ಕೆ ಹಿಂದೆ ಮುಂದೆ ದಪ್ಪ ಕಲ್ಲು ಕೊಟ್ಟಳು. ಹಿತ್ತಲಲ್ಲಿದ್ದ ಎರಡು ಒರಳುಕಲ್ಲುಗಳನ್ನು ಉರುಳಿಸಿಕೊಂಡು ಬಂದು ಕಾರಿನ ಚೌಕಟ್ಟಿನ ಕೆಳಗೆ ಎರಡು ಬದಿಗೂ ಆನಿಸಿಟ್ಟು, ಮೇಲೆ ಹಲಗೆ ಇಟ್ಟಳು. ಕಾರನ್ನು ಒಂದು ಸಲ ಜೋರಾಗಿ ಅಲುಗಾಡಿಸಿ ನೋಡಿದಳು. ಅಲುಗಲಿಲ್ಲ. "ಈಗ ಹೋಗಿ" ಎಂದಳು. ಮಾರನೆಯ ದಿನದ ದೋಸೆಗೆ ಹಿಟ್ಟು ರುಬ್ಬಲು ಒರಳಿಲ್ಲದೆ ಅಮ್ಮ ಗೊಣಗಿದಳು. ಈ ಪ್ರಕರಣದಲ್ಲಿ ಅಂದು ಸರಿಯಾಗಿ ನಡೆದ ಕೆಲಸ ಅದೊಂದೇ, ಅದನ್ನು ಮಾಡಿದ್ದು ನಾನಲ್ಲ.

ಒಳಗೆ ಮಲಗಿ ನೋಡಿದರೆ ಮೂಗಿನ ನೇರಕ್ಕೆ ಚೇಂಬರ್. ಸುತ್ತ ಹದಿನಾಲ್ಕು ಬೋಲ್ಟು. ಒಂದೊಂದಾಗಿ ಬಿಚ್ಚತೊಡಗಿದೆ. ಏನು ಸಲೀಸು! ಸುಶೀಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು.

"ಎಲ್ಲಾನೂ ಬಿಚ್ತೀರಾ?"

"ಹೌದು. ಬಿಚ್ಚದೆ ಹೇಗೆ ಬರುತ್ತೆ?"

"ಅಲ್ಲಾ ರೀ, ಒಳಗೆ ಎಣ್ಣೆ ಇದ್ಯಲ್ಲ. ಅನ್ನದ ಗಂಜಿ ಬಸಿಯೋವಾಗ ಮುಚ್ಚಳಾನ ಪೂರಾ ತೆಗೀತಾರಾ? ಒಂದು ಪಕ್ಕ ಸ್ವಲ್ಪ ಸರಿಸಿ, ಬಗ್ಗಿಸಿ ನಿಧಾನಕ್ಕೆ ಬಸೀತಾರೆ. ಒಂದು ಕಡೆ ಬೋಲ್ಟು ಹಂಗೇ ಇರ್ಲಿ, ಇನ್ನೊಂದು ಕಡೆ ಸಡಿಲ ಮಾಡಿ. ನಾನು ಬೋಗುಣಿ ಹಿಡೀತೀನಿ."

"ನೋಡು ಸುಶೀಲಾ" ಎಂದೆ ಗಂಭೀರವಾಗಿ, "ಇದು ಯಂತ್ರಶಾಸ್ತ್ರ. ಅಡುಗೆಮನೆಯ ನಜೀರುಗಳು ಇಲ್ಲಿ ಅನ್ವಯಿಸುವುದಿಲ್ಲ." ಎಂದವನೇ ಹದಿನಾಲ್ಕನೆಯ ಬೋಲ್ಟು ಬಿಚ್ಚಿದೆ.

ಅನ್ವಯಿಸಿತು! ಚೇಂಬರ್ ನನ್ನ ಎದೆಯ ಮೇಲೆ ಬಿತ್ತು. ಅದರೊಳಗಿದ್ದ ಎಣ್ಣೆಯೆಲ್ಲ ನನ್ನ ಮುಖದ ಮೇಲೆ ಬಿತ್ತು. ಬಾಯಿ ತೆರೆದಿದ್ದುದು ವಾದದ ಅಭ್ಯಾಸಬಲದಿಂದ. ಕಣ್ಣು, ಮೂಗು, ಕಿವಿ ಯಾವುದೂ ಬಾಕಿ ಉಳಿಯಲಿಲ್ಲ. ಸುಶೀಲ ನನ್ನ ಎರಡೂ ಕಾಲು ಹಿಡಿದು ಹೊರಗೆ ಎಳೆದಳು. ಜಗಲಿಯಿಂದ ಹನುಮಂತಯ್ಯನವರು "ಇವತ್ತು ಕಾರು ಹಗಲಲ್ಲೇ ಅತ್ತಿತು ನೋಡಿ" ಎಂದರು.

ಮುಖ ಒರೆಸಿಕೊಂಡು ಚೇಂಬರನ್ನು ಸೀಮೆಎಣ್ಣೆಯಲ್ಲಿ ತೊಳೆಯುವಾಗ ನಡುವೆ ಒಂದು ದಪ್ಪ ಬಿರಡೆ ಕಂಡಿತು. ತಿರುಗಿಸಿದರೆ ಸಲೀಸಾಗಿ ಬಂತು. ಇದೇಕೆ ಇಲ್ಲಿದೆ? ಅನುಮಾನ ಬಂದು ಪುಸ್ತಕದಲ್ಲಿ ಆ ಕೆಲಸದ ಮೊದಲ ಪುಟ ತೆರೆದೆ. 'ಮೊಟ್ಟಮೊದಲು ನಡುವಿನ ಬಿರಡೆ ತೆಗೆದು ಎಣ್ಣೆಯನ್ನು ಪೂರ್ತಿ ಬಸಿಯತಕ್ಕದ್ದು' ಎಂಬರ್ಥದ ಸಾಲು ದಪ್ಪ ಅಕ್ಷರದಲ್ಲಿತ್ತು. ಸುಶೀಲ ಇತ್ತ ಬರುವುದು ಕಂಡು ಪುಸ್ತಕ ಮುಚ್ಚಿ, ಬಿರಡೆಯನ್ನು ಜುಬ್ಬದ ಜೇಬಿಗೆ ಸೇರಿಸಿದೆ. ಸಾಕ್ಷ್ಯ ನಾಶ ಮಾಡುವುದು ಅಪರಾಧ ಎಂದು ನನಗೆ ಗೊತ್ತು. ಆದರೆ ಮನೆಯೊಳಗೆ ನನ್ನ ಮರ್ಯಾದೆಯೂ ಉಳಿಯಬೇಕಲ್ಲ. ಚೇಂಬರನ್ನು ನಮ್ಮ ಜಗಲಿಯ ಮೇಲೆ ಒಣಗಲು ಬೋರಲು ಹಾಕಿ ಬಚ್ಚಲಿಗೆ ಹೋದೆ.

ಎರಡು ಹಂಡೆ ನೀರು, ಒಂದು ಸೇರು ಸೀಗೆಪುಡಿ, ಒಂದು ತೆಂಗಿನ ನಾರು ಮುಗಿದ ಮೇಲೆ ನನ್ನ ನಿಜ ಬಣ್ಣ ತಕ್ಕಮಟ್ಟಿಗೆ ಹೊರಬಂತು. ಊಟ ಮಾಡಿ, ಕಣ್ಣುರಿಗೆ ಒದ್ದೆ ಬಟ್ಟೆ ಹಾಕಿಕೊಂಡು ಒಂದು ನಿದ್ದೆಯನ್ನೂ ತೆಗೆದೆ. ಎದ್ದು ಜಗಲಿಗೆ ಬಂದರೆ ಚೇಂಬರ್ ಇಲ್ಲ!

ಸುಶೀಲ ನೋಡಿಲ್ಲ. ಅಮ್ಮ ಮನೆಯಲ್ಲೇ ಇಲ್ಲ, ಎಲ್ಲೋ ಬೀದಿಗೆ ಹೋಗಿದ್ದಳು. ಹುಲ್ಲಿನ ಮೆದೆ ಕೆದಕಿದೆ, ಚರಂಡಿಗೆ ಕೋಲು ಹಾಕಿ ನೋಡಿದೆ. ಗುರುವಾರ ತಪ್ಪಿದರೆ ಜಯ ಅಲ್ಲೇ ಉಳಿಯುತ್ತಾಳೆ, ಆ ಗಂಡಸರ ಮನೆಯಲ್ಲಿ, ನನ್ನ ಹುಂಬತನದಿಂದ. ಹೆದರಿದ ವಕೀಲ ಏನು ಮಾಡುತ್ತಾನೆ? ಆಪಾದನೆ ಹೊರಿಸುತ್ತಾನೆ. ಪಕ್ಕದ ಜಗಲಿಯಲ್ಲಿ ಹನುಮಂತಯ್ಯನವರು ಕೂತಿದ್ದರು.

"ಶೇಕ್‌ದಾರರೇ, ಬೆಳಗಿನಿಂದ ಇಲ್ಲಿ ಕೂತಿರುವವರು ನೀವೊಬ್ಬರೇ" ಎಂದೆ, ಪ್ರತಿ ಅಕ್ಷರವನ್ನೂ ತೂಗಿ. "ಈ ಜಗಲಿಯಿಂದ ನನ್ನ ಸ್ವತ್ತೊಂದು ಕಾಣೆಯಾಗಿದೆ. ಅದರ ಬಗ್ಗೆ ನೀವು ಏನಾದರೂ ಹೇಳಬೇಕೆಂದಿದ್ದರೆ ಈಗಲೇ ಹೇಳುವುದು ಒಳ್ಳೆಯದು."

ಅವರು ನಶ್ಯ ಏರಿಸಿ, ನನ್ನನ್ನು ಕಾಲಿಂದ ತಲೆಯವರೆಗೆ ನೋಡಿ, "ಏನೂ ಹೇಳಬೇಕಂತಿಲ್ಲ" ಎಂದು ಮುಖ ತಿರುಗಿಸಿದರು.

ಸರಿ, ಕಾನೂನು ತನ್ನ ದಾರಿ ಹಿಡಿಯಲಿ ಎಂದು ದೂರು ಬರೆದೆ. 'ಕೆಳಗೆ ಸಹಿ ಮಾಡಿರುವ ಫಿರ್ಯಾದುದಾರನ ವಾಸದ ಮನೆಯ ಜಗಲಿಯಿಂದ, ಕಪ್ಪು ಬಣ್ಣದ, ಅಂಚಿನ ಸುತ್ತ ಹದಿನಾಲ್ಕು ತೂತುಗಳೂ ನಡುವೆ ಒಂದು ತೂತೂ ಉಳ್ಳ, ಕಬ್ಬಿಣದ ತಟ್ಟೆ ಒಂದನ್ನು ಯಾರೋ ದುರುದ್ದೇಶದಿಂದ ಅಪಹರಿಸಿದ್ದು...' ಹೆಡ್ ಕಾನ್‌ಸ್ಟೇಬಲ್ ಅದನ್ನು ಎರಡು ಸಲ ಓದಿದರು.

"ಸ್ವಾಮಿ, ತಪ್ಪು ತಿಳ್ಕಾಬ್ಯಾಡಿ. ಹದಿನೈದು ತೂತಿರೋ ತಟ್ಟೇನ ಯಾವ ಕಳ್ಳ ಕದ್ದಾನು? ಕದ್ದು ಏನ್ ಉಂಡಾನು ಅದ್ರಾಗೆ?"

"ಅದು ಉಣ್ಣುವ ತಟ್ಟೆಯಲ್ಲ, ಗೇರಿನದು."

"ಓಹೋ, ಗೇರುಬೀಜದ್ದಾ?"

ದೂರಿನ ನಕಲನ್ನು ಜೇಬಿಗಿಳಿಸಿ ಹೊರಟೆ. ನಮ್ಮ ಬೀದಿಯ ಮೂಲೆಯ ಬೇವಿನ ಮರದ ಕೆಳಗೆ ಹೊಗೆ ಏಳುತ್ತಿತ್ತು. ಶಿರಾದ ಖಾದರ್ ಸಾಬರು ಬಂದಿದ್ದರು. ವರ್ಷಕ್ಕೆರಡು ಸಲ ಬಂದು ಊರಿನ ಹಿತ್ತಾಳೆ ತಾಮ್ರದ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವವರು. ನೆಲದಲ್ಲಿ ಗುಂಡಿ ತೋಡಿ ಇದ್ದಲ ಉರಿಸಿ, ತಿದಿ ಒತ್ತುತ್ತ, ನವಸಾಗರದ ಬಿಳಿ ಹೊಗೆಯ ನಡುವೆ ಕೂತಿದ್ದರು. ಪಕ್ಕದಲ್ಲಿ ಬೆಳ್ಳಗೆ ಮಿಂಚುವ ಪಾತ್ರೆಗಳ ಸಾಲು. ನಮ್ಮ ತಪ್ಪಲೆ, ನಮ್ಮ ಕೊಳಗ, ನಮ್ಮ ಬೋಗುಣಿ. ಅವುಗಳ ಮುಂದೆ ಕುಕ್ಕರಗಾಲಲ್ಲಿ ಕಾವಲು ಕೂತಿದ್ದವಳು ನಮ್ಮ ಅಮ್ಮ. ಸಾಬರು ಇಕ್ಕಳದಲ್ಲಿ ಹಿಡಿದು ಅರಳೆಯಿಂದ ಉಜ್ಜುತ್ತಿದ್ದದ್ದು...

ಅದೇ! ಆದರೆ ಕಪ್ಪಲ್ಲ. ಮದುವೆಮನೆಯ ಬೆಳ್ಳಿ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು.

"ಅರೆ ವಕೀಲ್ ಸಾಬ್, ಬನ್ನಿ ಬನ್ನಿ" ಎಂದರು ಸಾಬರು. "ನಲವತ್ತು ವರ್ಷ ಆಯ್ತು ಈ ಕಾಮ್ ಮಾಡ್ತಾ. ಇಂಥ ಬರ್ತನ್ ನೋಡಿಲ್ಲ ನಾನು. ಸುತ್ತಾ ತೂತು! ನಡುವೆ ಇಷ್ಟು ದೊಡ್ಡ ತೂತು! ದೊಡ್ಡಮ್ಮನೋರು ಕೊಟ್ಟಿದಾರೆ, ಏನಂತ ಕೇಳೋದು? ನಡುವಿನ ತೂತಿಗೆ ಹಿತ್ತಾಳೆ ತೇಪೆ ಇಟ್ಟು ಬೆಸುಗೆ ಹಾಕ್ಬಿಟ್ಟೆ. ಪಕ್ಕಾ! ಅಂಚಿನಲ್ಲೂ ಎರಡು ಮುಚ್ಚಿದೀನಿ. ಇನ್ನೂ ಹನ್ನೆರಡು ಬಾಕಿ."

ಮೂರನೆಯ ತೂತಿಗೆ ತವರ ಕಾಯುತ್ತಿತ್ತು. ನಾನು ಕಿರುಚಿದ ರಭಸಕ್ಕೆ ತಿದಿ ನಿಂತುಹೋಯಿತು.

"ಅಮ್ಮಾ! ಇದನ್ನ್ಯಾಕೆ ಕೊಟ್ಟೆ?"

"ಅಂಗ್ಯಾಕ್ಲಾ ಬಡ್ಕಂತೀಯ? ಬಸುರಿ ಬರೋ ಮನೆ, ಕಲಾಯಿ ಇಲ್ದಿರೋ ಪಾತ್ರೇಲಿ ಹುಳಿ ಕಾಸಿದ್ರೆ ಕಿಲುಬು ಬುಡಾಕಿಲ್ವಾ? ಎಲ್ಲಾ ಹೊತ್ಕಂಡ್ ಬಂದೆ. ಇದು ಜಗಲಿ ಮ್ಯಾಲೆ ಬೋರಲು ಬಿದ್ದಿತ್ತು, ಕರ್ರಗೆ, ಮಸಿ ಹಿಡ್ದು." ಅಮ್ಮ ದನಿ ತಗ್ಗಿಸಿದಳು. "ನಮ್ ಸುಸೀಲ ಒಲೆ ಮ್ಯಾಲಿಟ್ಟು ಸೀಯಿಸ್ಬುಟ್ಟು, ನನ್ ಕಣ್ಣಿಗೆ ಬೀಳ್ದಂಗೆ ಹೊರಗ್ ಮಡಗವ್ಳೆ ಅಂದ್ಕಂಡೆ. ಪಾಪ, ಕೇಳಿದ್ರೆ ನೊಂದ್ಕಂತಾಳೆ ಅಂತ ನಾನೂ ಬಾಯ್ ಬುಡ್ನಿಲ್ಲ."

ಸೊಸೆಯ ಮಾನ ಉಳಿಸಲು ಹೊರಟ ಅತ್ತೆಯ ಮೇಲೆ ಯಾವ ಕಲಮಿನಲ್ಲೂ ಕೇಸು ನಿಲ್ಲುವುದಿಲ್ಲ. ಪೊಲೀಸು ದೂರಿನ ನಕಲನ್ನು ಮಡಿಚಿ ಇದ್ದಲಕ್ಕೆ ಹಾಕಿದೆ. ಅಷ್ಟರಲ್ಲಿ ಹನುಮಂತಯ್ಯನವರು ಕೋಲೂರಿಕೊಂಡು ಅಲ್ಲಿಗೇ ಬಂದರು. "ಅಮ್ಮನೋರು ತಗೊಂಡು ಹೋಗಿದ್ದು ನಾನು ಕಂಡಿದ್ದೆ. ನೀವು ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳಲಿಲ್ಲ, ವಿಚಾರಣೆ ಮಾಡಿದಿರಿ!" ಎಂದರು. ಅವರ ಕ್ಷಮೆ ಕೇಳಿದೆ. ಕ್ಷಮಿಸಿದರು, ಆದರೆ ಸಂಜೆಯೊಳಗೆ ಇಡೀ ಬೀದಿಗೆ ಹೇಳಿದರು.

ಖಾದರ್ ಸಾಬರು ಅಂಚಿನಲ್ಲಿ ಮುಚ್ಚಿದ ಎರಡು ತೂತನ್ನು ಕಾದ ಕಬ್ಬಿಣದ ಕಡ್ಡಿಯಿಂದ ಮತ್ತೆ ತೆರೆದುಕೊಟ್ಟರು. ನಡುವಿನ ತೇಪೆ ತೆಗೆಸಿದರೆ ಬಿರಡೆಯ ಕಥೆ ಹೊರಬೀಳುತ್ತಿತ್ತು, ಅದನ್ನು ಇದ್ದಂತೆಯೇ ಬಿಟ್ಟೆ. ಸಾಬರು ಚೇಂಬರಿನ ಒಂದು ಮೂಲೆಯ ಮೇಲೆ ಬೆರಳಾಡಿಸಿ, "ಇಲ್ಲಿ ನೋಡಿ ವಕೀಲ್ ಸಾಬ್, ಕೂದಲೆಳೆ ಅಷ್ಟು ಬಿರುಕಿತ್ತು. ಕಣ್ಣಿಗೆ ಕಾಣೋಲ್ಲ, ಬಿಸಿ ಮಾಡಿದ್ರೆ ಬಾಯಿ ಬಿಡುತ್ತೆ. ಅದಕ್ಕೂ ತವರ ತುಂಬಿಸಿದೀನಿ. ಇನ್ನು ನೀರು ಹಾಕಿ, ಎಣ್ಣೆ ಹಾಕಿ, ಒಂದು ಬೂಂದ್ ಬೀಳೋಲ್ಲ" ಎಂದರು.

ಆಗ ನನಗೆ ಅರಿವಾಯಿತು. ಕಾರು ಇಷ್ಟು ದಿನ ಸೋರುತ್ತಿದ್ದದ್ದು ಪ್ಯಾಕಿಂಗಿನಿಂದಲ್ಲ, ಆ ಬಿರುಕಿನಿಂದ! ನಾನು ಪುಸ್ತಕ ನೋಡಿ, ಹದಿನಾಲ್ಕು ಬೋಲ್ಟು ಬಿಚ್ಚಿ, ಎಣ್ಣೆಸ್ನಾನ ಮಾಡಿ, ಅದೇ ಒಡೆದ ಚೇಂಬರಿಗೆ ಹೊಸ ಪ್ಯಾಕಿಂಗ್ ಹಾಕಿ ಕಟ್ಟುವವನಿದ್ದೆ. ಮಾರನೆಯ ದಿನ ವಳ್ಳೂರಿನಲ್ಲಿ ಅದು ಮತ್ತೆ ಸೋರುತ್ತಿತ್ತು. ಅಮ್ಮನ ತಪ್ಪು ಮತ್ತು ಸಾಬರ ಬೆರಳು ಸೇರಿ ನನ್ನ ವಿದ್ಯೆಯಿಂದ ಕಾರನ್ನು ಕಾಪಾಡಿದ್ದವು. ನನಗೆ ಅಳಬೇಕೆನಿಸಿತು, ನಗು ಬಂತು. ಸಾಬರ ಎರಡು ಕೈಗಳನ್ನೂ ಹಿಡಿದುಕೊಂಡೆ. ಅವು ಸುಡುತ್ತಿದ್ದವು, ಬಿಟ್ಟುಬಿಟ್ಟೆ.

ಸಂಜೆಯ ಬೆಳಕಿನಲ್ಲೇ ಚೇಂಬರನ್ನು ಕಟ್ಟಿದೆವು. ಪ್ಯಾಕಿಂಗಿಗೆ ಹಳೆಯ ಕೇಸಿನ ಕಟ್ಟಿನ ದಪ್ಪ ರಟ್ಟು ಕತ್ತರಿಸಿದ್ದು ನಾನು. ಅಳತೆ ಹಿಡಿದದ್ದು ಸುಶೀಲ. ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯುತ್ತ ಬಂದಾಗ, "ಎದುರುಬದುರು ಬಿಗೀರಿ ರೀ, ಒಂದು ಕಡೆ ಎತ್ಕೊಳ್ಳುತ್ತೆ" ಎಂದಳು. ಈ ಸಲ ನಾನು ವಾದ ಮಾಡಲಿಲ್ಲ. ಹೊಸ ಎಣ್ಣೆ ತುಂಬಿ, ಕಲ್ಲುಗಳನ್ನು ತೆಗೆದು, ಒರಳನ್ನು ಅಮ್ಮನ ವಶಕ್ಕೆ ಒಪ್ಪಿಸಿದೆ.

ಗುರುವಾರ ಬೆಳಗ್ಗೆ ಸುಶೀಲಳನ್ನೂ ಕೂರಿಸಿಕೊಂಡು ಹೊರಟೆ. ಮಿಡಿಗೇಶಿ ದಾಟಿ ಪಾವಗಡದ ದಾರಿಯಲ್ಲಿ ಕಾರು ಹೂವಿನ ಹಾಗೆ ಹೋಯಿತು. ಗೇರು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಬೀಳುತ್ತಿತ್ತು. ವಳ್ಳೂರಿನಲ್ಲಿ ಜಯ ಬಾಗಿಲಲ್ಲೇ ನಿಂತಿದ್ದಳು, ಟ್ರಂಕು ಆಗಲೇ ಕಟ್ಟಿಟ್ಟಿದ್ದಳು. ನಾರಾಯಣಪ್ಪನವರು ಮಾತ್ರ ಸಡಿಲವಾಗಲಿಲ್ಲ. ಹೆಗಲ ಮೇಲಿನ ಮಡಿ ಟವಲನ್ನು ತೆಗೆದು, ಬಗ್ಗಿ, ಕಾರಿನ ಹೊಟ್ಟೆಯ ಕೆಳಗೆ ಹಾಸಿದರು.

"ಊಟ ಮಾಡೋಣ ರಾ ಅಯ್ಯಾ. ಊಟ ಆಗೋದ್ರೊಳಗೆ ಈ ಟವಲ್ ಮೇಲೆ ಒಂದ್ ಚುಕ್ಕೆ ಬಿತ್ತು ಅಂದ್ರೆ, ಹುಡುಗಿ ಇಲ್ಲೇ."

ಅಂಥ ಊಟ ನಾನು ಯಾವತ್ತೂ ಮಾಡಿಲ್ಲ. ಮುದ್ದೆ ಮುರಿದೆ, ಎದ್ದೆ, ಓಡಿ ನೋಡಿದೆ, ಬಂದೆ. ಅನ್ನಕ್ಕೆ ಸಾರು ಕಲಸಿದೆ, ಎದ್ದೆ, ಓಡಿ ನೋಡಿದೆ, ಬಂದೆ. "ಕೂತ್ಕೊಂಡು ಉಣ್ರೀ" ಎಂದು ಸುಶೀಲ ಕಣ್ಣಲ್ಲೇ ಗದರಿದಳು. ಊಟ ಮುಗಿದು ಎಲ್ಲರೂ ಸೇರಿ ಕಾರಿನ ಬಳಿಗೆ ಹೋದೆವು. ನಾರಾಯಣಪ್ಪನವರು ಟವಲನ್ನು ಎಳೆದು ಬಿಸಿಲಿಗೆ ಹಿಡಿದರು.

ನಟ್ಟನಡುವೆ ಒಂದು ಕಂದು ಚುಕ್ಕೆ!

ಜಯ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ನಾರಾಯಣಪ್ಪನವರು ಚುಕ್ಕೆಯನ್ನು ಮೂಗಿನ ಹತ್ತಿರ ಹಿಡಿದರು, ಬೆರಳಿನಿಂದ ಮುಟ್ಟಿದರು, ನಾಲಿಗೆಗೆ ತಾಗಿಸಿದರು. ಆಮೇಲೆ ನನ್ನ ಬಲಗೈ ನೋಡಿದರು. ಮೊಣಕೈವರೆಗೆ ಸಾರು ಇಳಿದಿತ್ತು.

"ಇದಿ ಆಯಿಲ್ ಕಾದಯ್ಯಾ!" ಎಂದು ಹೊಟ್ಟೆ ಹಿಡಿದು ನಕ್ಕರು. "ಎಣ್ಣೆ ಅಲ್ಲ, ನಮ್ಮನೆ ಸಾರು! ಕಾರು ಸೋರಿಲ್ಲ, ನೀನು ಸೋರಿದೀಯ!" ಹಾಗೆಯೇ ಬಗ್ಗಿ ಕೆಳಗೆ ಇಣುಕಿದವರು ಬೆರಗಾಗಿ, "ಏಮಯ್ಯಾ ಇದು, ಕಾರಿಗೆ ವೆಂಡಿ ಪಳ್ಳೆಂ ಕಟ್ಟಿಸಿದೀಯಾ? ಬೆಳ್ಳಿ ತಟ್ಟೆ! ಅಬ್ಬಾ, ಸ್ವಂತ ಕೈಯಲ್ಲಿ ಮಾಡಿದ್ಯಾ?" ಎಂದರು.

"ಹೌದು ಮಾವ" ಎಂದೆ ವಿನಯದಿಂದ. ಹಿಂದೆ ಸುಶೀಲ ಕೆಮ್ಮಿದಳು.

ಜಯ ಹಿಂದಿನ ಸೀಟಿನಲ್ಲಿ ಅತ್ತಿಗೆಯ ಹೆಗಲಿಗೆ ಒರಗಿ ನಿದ್ದೆ ಮಾಡುತ್ತ ಬಂದಳು. ಮನೆ ತಲುಪಿದಾಗ ಅಮ್ಮ ಬೆಳ್ಳಗೆ ಹೊಳೆಯುವ ತಪ್ಪಲೆಯಲ್ಲಿ ಸಾರು ಕುದಿಸುತ್ತಿದ್ದಳು. ಎರಡು ತಿಂಗಳ ಮೇಲೆ ಆ ಮನೆಯಲ್ಲೇ, ಅಮ್ಮನ ಕೈ ಹಿಡಿದುಕೊಂಡೇ, ಜಯಳಿಗೆ ಹೆಣ್ಣು ಮಗುವಾಯಿತು. ಮಗುವಿಗೆ ಗೌರಿ ಎಂದು ಹೆಸರಿಟ್ಟರು.

ಕಾರು ಆಮೇಲೆ ಒಂದು ಹನಿಯೂ ಸೋರಲಿಲ್ಲ. ಮುಂದಿನ ವರ್ಷ ಎಣ್ಣೆ ಬದಲಾಯಿಸುವ ಕಾಲ ಬಂದಾಗ ಮಾತ್ರ ಒಂದು ತೊಡಕಾಯಿತು. ಎಣ್ಣೆ ಬಸಿಯುವ ತೂತೇ ಇರಲಿಲ್ಲ! ಖಾದರ್ ಸಾಬರ ತೇಪೆ ಅಷ್ಟು ಪಕ್ಕಾ. ಚೆಲುವಯ್ಯ ಕಾರಿನ ಕೆಳಗಿನಿಂದ, "ಸಾರ್, ಇಲ್ಲಿ ಬಿರಡೆ ಇರ್ಬೇಕಿತ್ತಲ್ಲ, ಯಾವ ಪುಣ್ಯಾತ್ಮ ತೆಗೆದ?" ಎಂದು ಕೂಗಿದ. ನನಗೆ ಆ ಪುಣ್ಯಾತ್ಮ ಯಾರೆಂದು ಗೊತ್ತಿಲ್ಲ ಎಂದೆ. ವರ್ಷ ವರ್ಷವೂ ಚೇಂಬರಿನ ಬೋಲ್ಟುಗಳನ್ನು ಒಂದು ಪಕ್ಕ ಸಡಿಲಿಸಿ, ಗಂಜಿ ಬಸಿದ ಹಾಗೆ ಎಣ್ಣೆ ಬಸಿಯಬೇಕಾಯಿತು. ಬಿರಡೆ ಹಳೆಯ ಜುಬ್ಬದ ಜೇಬಿನಲ್ಲಿ ಸುಶೀಲಳಿಗೆ ಸಿಕ್ಕಿ, ಅವಳು ಅದನ್ನು ಒಂದು ಮಾತೂ ಆಡದೆ ನನ್ನ ಆಫೀಸಿನ ಮೇಜಿನ ಮೇಲೆ, ಕಾಗದ ಹಾರದಂತೆ ಇಟ್ಟಳು. ಅವಳು ಮಾತಾಡಿದ್ದರೇ ವಾಸಿಯಿತ್ತು.

ಮೊನ್ನೆ ಗೌರಿ ಬಂದಿದ್ದಳು, ಈಗ ಐದು ತುಂಬಿದೆ. ಕಕ್ಷಿದಾರರು ತುಂಬಿ ಕೂತಿದ್ದಾಗಲೇ ನನ್ನ ಮೇಜಿನ ಮೇಲಿದ್ದ ಬಿರಡೆಯನ್ನು ಎತ್ತಿಕೊಂಡಳು.

"ಮಾವ, ಇದೇನು?"

"ಅದು ಕಾರಿನದು ಪುಟ್ಟಿ. ನಿನ್ನನ್ನ, ನಿಮ್ಮಮ್ಮನ್ನ ಕರೆದುಕೊಂಡು ಬಂದಿತ್ತಲ್ಲ, ಆ ಕಾರಿನದು."

"ಮತ್ತೆ ಕಾರಿಗೆ ಬೇಡ್ವಾ?"

"ಬೇಡ ಪುಟ್ಟಿ. ಇದಿಲ್ಲದೆಯೇ ಓಡುತ್ತೆ."

ಅವಳು ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಬೇಡ ಅಂದ್ಮೇಲೆ ನೀನು ಯಾಕೆ ಬಿಚ್ಚಿದೆ?"

ಕಕ್ಷಿದಾರರೆಲ್ಲ ನನ್ನ ಮುಖ ನೋಡಿದರು. ಇಷ್ಟು ವರ್ಷದ ವಕೀಲಿಕೆಯಲ್ಲಿ ಇಂಥ ಪಾಟೀಸವಾಲು ನನಗೆ ಬಿದ್ದಿರಲಿಲ್ಲ. ನಾನು ವಾಯಿದೆ ಕೇಳಿದೆ.